ಮೀಸಲು ಸೋರೆಕಾಯಿ

ಸುದ್ದಿ ಬಂದಾಗ ನಾನು ಹುಳುಮನೆಯಲ್ಲಿ ಹಿಕ್ಕೆ ತೆಗೆಯುತ್ತಿದ್ದೆ. ರೇಷ್ಮೆಹುಳು ಎರಡನೇ ಜ್ವರದಿಂದ ಎದ್ದಿದ್ದವು. ಪೊರೆ ಬಿಡುವ ಮುಂಚೆ ಹುಳು ಮೇವು ಬಿಟ್ಟು ತಲೆಯೆತ್ತಿ ಕೂರುವುದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತಾರೆ. ಎದ್ದ ಮೇಲೆ ಅವಕ್ಕೆ ಎಲ್ಲಿಲ್ಲದ ಹಸಿವು. ಹೊಸ ಸೊಪ್ಪು ಹಾಕಿ, ಹುಳು ಅದರ ಮೇಲೆ ಹತ್ತಿದ ಮೇಲೆ ಕೆಳಗಿನ ಒಣಸೊಪ್ಪನ್ನೂ ಹಿಕ್ಕೆಯನ್ನೂ ಬಾಚಿ ತಿಪ್ಪೆಗೆ ಸುರಿಯುವುದು ಹನ್ನೊಂದು ವರ್ಷದ ನನ್ನ ಪಾಲಿನ ಕೆಲಸ. ಸಾದಲಿ ಹೋಬಳಿಯ ನಮ್ಮ ಆ ಹಳ್ಳಿಮನೆಯಲ್ಲಿ ಗಾಳಿ ಬೆಳಕಿನ ಕೋಣೆಗಳೆಲ್ಲ ಹುಳುವಿನದು. ಜನ ಪಡಸಾಲೆಯಲ್ಲಿ ಸಾಲಾಗಿ ಮಲಗುತ್ತಿದ್ದೆವು. ಹುಳುವಿಗೆ ಘಾಟು ಆಗದು ಎಂದು ಒಳಗೆ ಒಗ್ಗರಣೆ ಇಲ್ಲ, ಹೊಗೆಸೊಪ್ಪು ಇಲ್ಲ, ಹೆಂಗಸರ ಮುಡಿಗೆ ಹೂವಿಲ್ಲ. ಅಡುಗೆಯೆಲ್ಲ ಹಿತ್ತಲಿನ ಚಪ್ಪರದ ಕೆಳಗಿನ ಒಲೆಯಲ್ಲಿ. ಆ ಒಲೆಗೂ ತಿಪ್ಪೆಗೂ ನಡುವೆ ಒಂದು ಬೂದಿಗುಂಡಿ. ನಾನು ಹೇಳಬೇಕಾದದ್ದೆಲ್ಲ ಇಷ್ಟು ಜಾಗದೊಳಗೇ ನಡೆದುಹೋಯಿತು.

ಸುದ್ದಿ ತಂದವಳು ಸರೋಜ ಚಿಕ್ಕಮ್ಮ, ಅಪ್ಪನ ತಮ್ಮನ ಹೆಂಡತಿ. ಗೌರಿಬಿದನೂರು ಕಡೆಯವಳು. ನಮ್ಮ ಮನೆಗೆ ಬಂದು ಎರಡು ವರ್ಷವಾಗಿರಲಿಲ್ಲ. ಐದು ತಿಂಗಳ ಹೆಣ್ಣುಮಗುವನ್ನು ಸೊಂಟದ ಮೇಲೆ ಕೂರಿಸಿಕೊಂಡು ಹುಳುಮನೆಯ ಕಿಟಕಿಗೆ ಬಂದು ನಿಂತಳು.

"ಪದ್ಮಾ, ತಿಪ್ಪೆ ಮೇಲಿನ ಬಳ್ಳಿ ಕಾಯಿ ಬಿಟ್ಟೈತೆ ಬಾರೇ. ಇಂಥ ಕಾಯಿ ನಾನು ಹುಟ್ಟಿದಾಗಿಂದ ನೋಡಿಲ್ಲ."

ಆ ಬಳ್ಳಿಯನ್ನು ಯಾರೂ ಹಾಕಿರಲಿಲ್ಲ. ಯುಗಾದಿಗೆ ಅಟ್ಟ ಗುಡಿಸುವಾಗ ಮೂಲೆಯಲ್ಲಿದ್ದ ಹಳೆಯ ಸೋರೆಬುರುಡೆಯೊಂದು ಬಿದ್ದು ಒಡೆದಿತ್ತು. ಅಮ್ಮ ಅದನ್ನು ಕಸದ ಜೊತೆ ತಿಪ್ಪೆಗೆ ಎಸೆದಿದ್ದಳು. ಮೊದಲ ಮಳೆಗೆ ಬಳ್ಳಿ ಎದ್ದು, ತಿಪ್ಪೆ ದಾಟಿ, ಮುರುಕು ಗೋಡೆ ಹತ್ತಿ, ಚಪ್ಪರದ ಗಳಕ್ಕೆ ಕೈ ಹಾಕಿತ್ತು. ಚಿಕ್ಕಮ್ಮ ಬೆರಳನ್ನು ಮಡಿಸಿ ತೋರಿಸಿದಳು. ಎಳೆಗಾಯಿಗೆ ನೇರ ಬೆರಳು ತೋರಿಸಿದರೆ ಕೊಳೆಯುತ್ತದೆ ಎಂಬ ಭಯ ಅವಳ ಸೀಮೆಯಲ್ಲೂ ಇತ್ತು. ಗೇಣುದ್ದದ ಕಾಯಿ. ಕತ್ತಿನ ಹತ್ತಿರ ದಾರ ಕಟ್ಟಿ ಬಿಗಿದ ಹಾಗೆ ಸಣ್ಣ ನಡು. ಹಸಿರು ಎನ್ನುವುದಕ್ಕಿಂತ ಕಪ್ಪು ಎನ್ನಬೇಕು. ಅದರ ಮೇಲೆ ವಿಭೂತಿ ಬಳಿದಂತೆ ಉದ್ದುದ್ದ ಬೂದುಪಟ್ಟೆ. ಮೈತುಂಬ ಸಣ್ಣ ರೋಮ. ಚೆನ್ನಾಗಿತ್ತು ಎಂದು ಹೇಳಲಾರೆ. ಕಣ್ಣು ಕೀಳಲಾಗದಂತಿತ್ತು, ಅಷ್ಟೇ.

ಅಜ್ಜಿಗೆ ಪೊರೆ ಬಂದು ಕಣ್ಣು ಮಂಜಾಗಿತ್ತು. ಕೈಹಿಡಿದು ಕರೆದುಕೊಂಡು ಹೋದೆವು. ಕಾಯಿಯ ನಡು ಸವರಿದ ತಕ್ಷಣ ಅವಳ ಕೈ ನಿಂತಿತು.

"ಇದು ನಮ್ಮವ್ವನ ಮನೆ ಕಾಯಿ ಕಣ್ರೇ!" ಅಂದಳು. "ಮಂಡಿಕಲ್ ಕಡೆ ನಮ್ಮೂರು ಬಿಟ್ರೆ ಇನ್ನೆಲ್ಲೂ ಇರ್ಲಿಲ್ಲ. ಮದುವೆಯಾಗಿ ಬರೋವಾಗ ನಮ್ಮವ್ವ ಬುರುಡೇಲಿ ಬೀಜ ತುಂಬಿ ಮಡಿಲಿಗೆ ಹಾಕಿದ್ಲು. ಬೆಣ್ಣೆ ಕಣಮ್ಮ, ಬೆಣ್ಣೆ. ಬಾಯಿಗೆ ಹಾಕಿದ್ರೆ ಹಲ್ಲಿಗೆ ಕೆಲಸ ಇಲ್ಲ."

ಆ ಮುಖವನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ. ಮೊಮ್ಮಗು ಹುಟ್ಟಿದಾಗಲೂ ಇಷ್ಟು ಅರಳಿರಲಿಲ್ಲ. ಅಲ್ಲೇ ತಿಪ್ಪೆಯ ಪಕ್ಕ ನಿಂತು ಕೈಮುಗಿದು, ಮೊದಲ ಕಾಯಿ ನಮ್ಮ ಮನೆದೇವರು ವೆಂಕಟರಮಣಸ್ವಾಮಿಗೆ ಮೀಸಲು ಎಂದು ಹೇಳಿಬಿಟ್ಟಳು. ಮೀಸಲು ಎಂದರೆ ನಮ್ಮಲ್ಲಿ ತಮಾಷೆಯಲ್ಲ. ಎಡೆ ಇಡುವ ತನಕ ಆ ಕಾಯಿಯನ್ನು ಯಾರೂ ಮೂಸಕೂಡದು. ಮೀಸಲಡುಗೆ ಮಾಡುವವರು ಉಪ್ಪು ಸಾಕೋ ಇಲ್ಲವೋ ಎಂದು ನಾಲಿಗೆಗೆ ಹಚ್ಚಿ ಕೂಡ ನೋಡಬಾರದು.

ಹತ್ತು ದಿನ ಕಾಯಿ ಬೆಳೆಯಿತು. ಅಜ್ಜಿ ದಿನಕ್ಕೆ ಎರಡು ಸಲ ಬಂದು, ಮುಟ್ಟದೆ, ಅದರ ಕೆಳಗೆ ಕುಕ್ಕರಗಾಲಲ್ಲಿ ಕೂರುತ್ತಿದ್ದಳು. ಕಾವಲು ನನ್ನದು. ಕಾವಲು ಕೂತವರಿಗೆ ಬೇರೆಯವರಿಗೆ ಕಾಣದ್ದು ಕಾಣುತ್ತದೆ. ನಮ್ಮ ಆಡು ಕಟ್ಟಿದ ಹಗ್ಗವನ್ನೂ ತಿನ್ನದೆ ಬಿಡುತ್ತಿರಲಿಲ್ಲ. ಅದು ಆ ಬಳ್ಳಿಯ ಎಲೆಯನ್ನು ಮೂಸಿ ತಲೆ ಕೊಡವಿಕೊಂಡು ಹಿಂದೆ ಸರಿಯಿತು. ಪಕ್ಕದ ಹೀರೆಬಳ್ಳಿಯನ್ನು ಹುಳ ತಿಂದು ಜರಡಿ ಮಾಡಿತ್ತು. ಸೋರೆಯ ಮೇಲೆ ಒಂದು ಚುಚ್ಚೂ ಇಲ್ಲ. ಅಜ್ಜಿಗೆ ಹೇಳಿದೆ.

"ಹುಳಕ್ಕೂ ಗೊತ್ತು ಕಣೇ, ಇದು ಸ್ವಾಮಿ ಕಾಯಿ ಅಂತ," ಎಂದು ಕೆನ್ನೆ ತಟ್ಟಿಕೊಂಡಳು.

ನಾನೂ ತಟ್ಟಿಕೊಂಡೆ. ಆದರೂ ಸಂಜೆ ಹೊತ್ತು ಒಬ್ಬಳೇ ತಿಪ್ಪೆಗೆ ಹೋಗುವುದನ್ನು ಆಮೇಲಾಮೇಲೆ ಬಿಟ್ಟೆ.

ಶುಕ್ರವಾರ ಜಗಳವಾಯಿತು. ಜಗಳ ಎನ್ನುವುದೂ ಹೆಚ್ಚು. ಒಂದು ಮಾತು ಆ ಕಡೆಯಿಂದ, ಹತ್ತು ಮಾತು ಈ ಕಡೆಯಿಂದ. ಹುಳು ನಾಲ್ಕನೇ ಜ್ವರದಿಂದ ಎದ್ದಿದ್ದವು. ಎಷ್ಟು ಸೊಪ್ಪು ಹಾಕಿದರೂ ಗಳಿಗೆಯಲ್ಲಿ ಬರೀ ಕಡ್ಡಿ ಉಳಿಯುತ್ತಿತ್ತು. ಮನೆಯಲ್ಲಿ ಯಾರಿಗೂ ಸರಿಯಾಗಿ ನಿದ್ದೆಯಿಲ್ಲ. ಅಮ್ಮ ನಾಳೆಯ ಮೀಸಲಡುಗೆಗೆ ಹೊಸ ಮಡಕೆ ತೊಳೆಯುತ್ತಿದ್ದಳು. ಚಿಕ್ಕಮ್ಮ ಮಗುವಿಗೆ ಹಾಲೂಡಿಸುತ್ತ, ತಲೆಯೆತ್ತದೆ ಅಂದಳು:

"ಅತ್ತೆ, ನಮ್ಮ ಕಡೆ ಸೋರೆಕಾಯಿ ಹೆಚ್ಚೋಕೆ ಮುಂಚೆ ತೊಟ್ಟಿನ ಹತ್ರ ಚೂರು ಕಚ್ಚಿ ನೋಡ್ತೀವಿ. ತಾನಾಗಿ ಎದ್ದ ಬಳ್ಳಿ ಅಲ್ವಾ, ಒಂದೊಂದು ಕಹಿ ಇರ್ತೈತೆ."

ಅಜ್ಜಿಗೆ ಸಿಟ್ಟು ಬಂದರೆ ತೆಲುಗು ಬರುತ್ತಿತ್ತು. "ಮೀ ಇಂಟ್ಲೋ ದೇವುಡಿಕಿ ಎಂಗಿಲಿ ಪೆಡ್ತಾರಾ?" ಅಂದಳು. ನಿಮ್ಮ ಮನೇಲಿ ದೇವರಿಗೆ ಎಂಜಲು ಇಡ್ತೀರಾ ಅಂತ. ಆಮೇಲೆ ಕನ್ನಡಕ್ಕೆ ಬಂದಳು.

"ನಮ್ಮವ್ವನ ಬೀಜ ಕಹಿ ಅಂತೀಯಾ? ನಿನ್ನ ತವರಿಂದ ಈ ಮನೆಗೆ ಬಂದಿದ್ದೇನಮ್ಮ? ಒಂದು ಮುಷ್ಟಿ ಕಾಳು ಬಂತಾ? ಎರಡು ಸ್ಟೀಲು ಕೊಳಗ, ಅದ್ರಲ್ಲೊಂದು ಸೋರ್ತೈತೆ!"

ಅಮ್ಮನಿಗೆ ನಗು ತಡೆಯಲಾಗಲಿಲ್ಲ. ನಾನೂ ನಕ್ಕೆ. ಚಿಕ್ಕಮ್ಮ ಮಗುವನ್ನು ಇನ್ನೊಂದು ಮಗ್ಗುಲಿಗೆ ಹಾಕಿಕೊಂಡು ಗೋಡೆಯ ಕಡೆ ತಿರುಗಿದಳು.

ಶನಿವಾರ ಬೆಳಿಗ್ಗೆ ಎಲ್ಲರಿಗೂ ತಲೆಗೆ ಸ್ನಾನ. ಅಪ್ಪ ಕಾಯಿ ಕುಯ್ದು ತಂದು ಬಾಳೆಲೆಯ ಮೇಲಿಟ್ಟರು. ಅಮ್ಮ ಈಳಿಗೆಮಣೆಯ ಮೇಲೆ ಕೂತು ಸೀಳಿದಳು. ಒಳಗೆ ಹಾಲಿನಷ್ಟು ಬಿಳುಪು. ತಿರುಳು ತೆಗೆದು ಬೀಜ ಬೇರೆ ಮಾಡು ಎಂದು ನನಗೆ ಕೊಟ್ಟಳು. ಎಳೆ ಬೀಜ ಮೊಳೆಯುವುದಿಲ್ಲ ಎಂದು ಅಜ್ಜಿಗೆ ಗೊತ್ತಿತ್ತು, ಆದರೂ ಅವ್ವನ ಮನೆಯದು, ಇಟ್ಟುಕೊಳ್ಳುತ್ತೇನೆ ಎಂದಿದ್ದಳು. ಬೀಜಕ್ಕೆ ಬಿಟ್ಟ ಇನ್ನೆರಡು ಕಾಯಿ ಬಳ್ಳಿಯಲ್ಲೇ ಇದ್ದವು. ನಾನು ತಿರುಳು ಕೆರೆಯುತ್ತಿದ್ದೆ. ಹೆಬ್ಬೆರಳಿನ ಉಗುರಿನಲ್ಲಿ ಒಂದು ಚೂರು ಸಿಕ್ಕಿಕೊಂಡಿತು. ಉಗುರಿಗೆ ಏನಾದರೂ ಸಿಕ್ಕರೆ ಹಲ್ಲಿನಿಂದ ತೆಗೆಯುವುದು ನನಗಿದ್ದ ಕೆಟ್ಟ ಅಭ್ಯಾಸ. ಬೇಕೆಂದು ಮಾಡಿದ್ದಲ್ಲ. ಕೈ ಬಾಯಿಗೆ ಹೋಯಿತು, ಅಷ್ಟೇ.

ಆ ಕಹಿಗೆ ನನ್ನ ಬಳಿ ಮಾತಿಲ್ಲ. ಬೇವಿನ ಕಷಾಯವನ್ನು ಅದರ ಪಕ್ಕ ಇಟ್ಟರೆ ಪಾನಕ ಎನ್ನಬೇಕು. ನಾಲಿಗೆ ತನ್ನಷ್ಟಕ್ಕೆ ಸುರುಳಿ ಸುತ್ತಿತು. ಎದ್ದು ಬೂದಿಗುಂಡಿಗೆ ಹೋಗಿ ಉಗಿದು ಕಾಲಿನಿಂದ ಬೂದಿ ಎಳೆದೆ. ಬಂದು ಮತ್ತೆ ಕೂತೆ. ಅಮ್ಮ ಹೋಳು ಹಾಕುತ್ತಿದ್ದಳು. ಕೇಳುವಷ್ಟು ಹತ್ತಿರ ಇದ್ದಳು. ಅಮ್ಮಾ ಎಂದರೆ ಸಾಕಿತ್ತು. ಎನ್ನಲಿಲ್ಲ.

ಯಾಕೆ ಎಂದು ಇಷ್ಟು ವರ್ಷ ನನ್ನನ್ನು ನಾನೇ ಕೇಳಿಕೊಂಡಿದ್ದೇನೆ. ಹೇಳಿದ್ದರೆ ಮೀಸಲು ಕೆಡಿಸಿದವಳು ನಾನೆಂದು ಆಗುತ್ತಿತ್ತು. ಆ ಭಯ ಇದ್ದದ್ದು ನಿಜ. ಆದರೆ ಬರೀ ಭಯವಲ್ಲ. ಮೀಸಲಡುಗೆಗೆ ಉಪ್ಪು ಹೆಚ್ಚಾದರೆ ಏನು ಮಾಡೋದು ಎಂದು ಒಮ್ಮೆ ಅಮ್ಮನನ್ನು ಕೇಳಿದ್ದೆ. ಸ್ವಾಮಿ ನೋಡಿದ ಮೇಲೆ ಎಲ್ಲ ಸರಿಹೋಗುತ್ತದೆ, ಇದುವರೆಗೂ ಒಂದು ಸಲವೂ ತಪ್ಪಿಲ್ಲ ಎಂದಿದ್ದಳು. ಅದು ಸುಳ್ಳಲ್ಲ. ಆ ಮನೆಯಲ್ಲಿ ರುಚಿ ನೋಡದೆ ಮಾಡಿದ ಶನಿವಾರದ ಅಡುಗೆ ಯಾವತ್ತೂ ಕೆಟ್ಟಿರಲಿಲ್ಲ. ಹಾಗಾಗಿ ನಾನು ಎಡೆ ಇಡುವಾಗ ಎಲ್ಲರಿಗಿಂತ ಗಟ್ಟಿಯಾಗಿ ಕಣ್ಣು ಮುಚ್ಚಿದೆ. ಸ್ವಾಮಿ, ಇದನ್ನ ಸಿಹಿ ಮಾಡಪ್ಪ ಎಂದು ಬೇಡಿದೆ. ಮಂಗಳಾರತಿ ಆಗುವಷ್ಟರಲ್ಲಿ ಸಿಹಿಯಾಗಿದೆ ಎಂದೇ ನಂಬಿದೆ. ಈಗಲೂ ನಾನು ದೇವರನ್ನು ನಂಬಿದವಳೇ. ಆದರೆ ನನ್ನ ಬಾಯಿ ಮಾಡಬೇಕಾದ ಕೆಲಸವನ್ನು ಅವನ ಮೇಲೆ ಹಾಕುವುದನ್ನು ಅವತ್ತಿನಿಂದ ಬಿಟ್ಟಿದ್ದೇನೆ.

ಊಟಕ್ಕೆ ಕೂತೆವು. ಅಪ್ಪ, ಚಿಕ್ಕಪ್ಪ, ಅಜ್ಜಿ ಒಂದು ಕಡೆ. ಎದುರಿಗೆ ನಾನು ಮತ್ತು ಚಿಕ್ಕಮ್ಮ. ಹಾಲೂಡಿಸುವವಳು ಹಸಿದಿರಬಾರದು ಎಂದು ಅಮ್ಮನೇ ಅವಳನ್ನು ಮೊದಲ ಪಂಕ್ತಿಗೆ ಕೂರಿಸಿದ್ದಳು. ಬಿಸಿ ಮುದ್ದೆ, ಸೋರೆಕಾಯಿ ಹುಳಿ. ಅಜ್ಜಿ ಮೊದಲ ತುತ್ತು ನುಂಗಿದಳು. ಅವಳ ಗಂಟಲು ಒಂದು ಸಲ ಮೇಲೆ ಹೋಗಿ ಕೆಳಗೆ ಬಂತು. ಮುಖದಲ್ಲಿ ಏನೂ ಕಾಣಲಿಲ್ಲ.

ಅಪ್ಪ ಕೈ ನಿಲ್ಲಿಸಿದರು. "ಅವ್ವಾ, ಇದೇನವ್ವ ಇಷ್ಟು ಕಹಿ?"

"ಹಾಗಲಕಾಯಿ ತಿನ್ನಲ್ವೇನೋ? ಹಳೇ ತಳಿ, ಸ್ವಲ್ಪ ಒಗರು ಇರ್ತೈತೆ. ಪ್ರಸಾದ ಅದು. ಎಲೇಲಿ ಬಿಡಬೇಡಿ, ಉಗೀಬೇಡಿ."

ಅಪ್ಪ, ಚಿಕ್ಕಪ್ಪ ನಾಲ್ಕು ತುತ್ತು ನೀರಿನ ಜೊತೆ ನುಂಗಿ, ಹುಳುವಿಗೆ ಸೊಪ್ಪು ಹಾಕುವ ಹೊತ್ತಾಯಿತು ಎಂದು ಎದ್ದರು. ಗಂಡಸರಿಗೆ ಏಳಲು ಒಂದು ನೆಪ ಸಿಗುತ್ತದೆ. ನನ್ನ ಎಲೆಯಲ್ಲಿ ಐದು ಹೋಳು ಇದ್ದವು. ನಾನು ಮುಟ್ಟಲಿಲ್ಲ. ಕಣ್ಣಲ್ಲಿ ನೀರು ಬಂತು. ಅಜ್ಜಿ ಮಂಜುಗಣ್ಣನ್ನು ನಮ್ಮ ಕಡೆಗೇ ನೆಟ್ಟಿದ್ದಳು. ಆಗ ಚಿಕ್ಕಮ್ಮ ಸೆರಗು ಸರಿಮಾಡುವವಳ ಹಾಗೆ ಬಗ್ಗಿ, ಪಿಸುಗುಟ್ಟಿದಳು.

"ಕೊಡಿಲ್ಲಿ, ಅವರು ನೋಡೋದ್ರೊಳಗೆ."

ನನ್ನ ಐದು ಹೋಳು ಅವಳ ಎಲೆಗೆ ಹೋದವು. ತನ್ನದು, ನನ್ನದು ಎರಡನ್ನೂ ಅವಳು ಮುದ್ದೆಯಲ್ಲಿ ಮುಚ್ಚಿ ಮುಚ್ಚಿ ನುಂಗಿದಳು. ನಾನು ನೋಡುತ್ತ ಕೂತಿದ್ದೆ. ಒಂದೊಂದು ತುತ್ತಿಗೂ ನನ್ನ ಬಾಯಿಯಲ್ಲಿ ಮಾತು ಬಂದು ನಿಲ್ಲುತ್ತಿತ್ತು. ಕೊನೆಗೆ ಎಲೆ ಬರಿದಾಯಿತು. ಅಜ್ಜಿ, "ಹಂಗೆ ಅಚ್ಚುಕಟ್ಟಾಗಿ ತಿನ್ನಬೇಕು," ಅಂದಳು.

ಎಲೆ ಎತ್ತಿ ಸಾರಿಸಿ ಮುಗಿದಿರಲಿಲ್ಲ, ಚಿಕ್ಕಮ್ಮ ಬಾವಿಕಟ್ಟೆಯ ಹತ್ತಿರ ಹೊಟ್ಟೆ ಹಿಡಿದು ಕೂತಳು. ಮೊದಲು ವಾಂತಿ. ಆಮೇಲೆ ಭೇದಿ. ಮೂರನೇ ಸಲ ವಾಂತಿಯಲ್ಲಿ ರಕ್ತ ಕಂಡಿತು. ಅಮ್ಮ ಮಜ್ಜಿಗೆ ಕುಡಿಸಿದಳು, ಅದೂ ಬಂತು. ಅಷ್ಟರಲ್ಲಿ ಅಜ್ಜಿಗೂ ಶುರುವಾಯಿತು. ಅಪ್ಪ ಚಿಕ್ಕಪ್ಪ ಹೊಟ್ಟೆ ಕಿವುಚಿಕೊಂಡೇ ಓಡಾಡುತ್ತಿದ್ದರು. ಚಿಕ್ಕಮ್ಮನ ಕೈ ಹಿಡಿದೆ. ಜೂನ್ ತಿಂಗಳ ಧಗೆಯಲ್ಲಿ ಆ ಕೈ ಬಾವಿನೀರಿನ ಹಾಗೆ ತಣ್ಣಗಿತ್ತು. ನನ್ನನ್ನು ನೋಡಿದಳು. ಏನೋ ಹೇಳಬೇಕೆಂದು ತುಟಿ ಅಲುಗಿಸಿದಳು. ಅಷ್ಟರಲ್ಲಿ ಮತ್ತೆ ವಾಂತಿ ಬಂತು.

ಸ್ವಾಮಿಯ ದಯೆ ಎಣಿಸುವುದು ನನ್ನ ಅಭ್ಯಾಸ. ಎಷ್ಟು ಕೆಟ್ಟ ದಿನವಾದರೂ ಎರಡು ಮೂರು ಸಿಗುತ್ತವೆ. ಬಡಿಸುತ್ತಿದ್ದ ಅಮ್ಮ ಇನ್ನೂ ಊಟಕ್ಕೆ ಕೂತಿರಲಿಲ್ಲ, ಇದು ಒಂದು. ಶಿಡ್ಲಘಟ್ಟದ ಬಾಷಾ ಸಾಬರು, ನೂಲು ತೆಗೆಯುವವರು, ಆ ಮಧ್ಯಾಹ್ನವೇ ಎದುರುಮನೆಯ ರೇಷ್ಮೆಗೂಡು ತುಂಬಿಸಿಕೊಂಡು ಹೋಗಲು ನಮ್ಮ ಬೀದಿಗೆ ಟೆಂಪೊ ತಂದಿದ್ದರು, ಇದು ಎರಡು. ಅವರು ಚಿಕ್ಕಮ್ಮನ ಮುಖ ಒಮ್ಮೆ ನೋಡಿ, ತುಂಬಿದ್ದ ಗೂಡಿನ ಚೀಲಗಳನ್ನೆಲ್ಲ ತಾವೇ ಬೀದಿಯ ಧೂಳಿಗೆ ಎಳೆದು ಹಾಕಿದರು.

"ಗೂಡು ಹೋಗ್ಲಿ ಅಣ್ಣ. ಹಾಸಿಗೆ ಹಾಕಿ, ಬೇಗ ಬೇಗ. ಯಾ ಅಲ್ಲಾ, ಉಸಿರು ನೋಡಿ ಹೇಗಿದೆ!"

ಅಪ್ಪ, ಅಮ್ಮ, ಚಿಕ್ಕಪ್ಪ ಹತ್ತಿದರು. ಅಜ್ಜಿ ಬರುವುದಿಲ್ಲ ಎಂದು ಕಂಬ ಹಿಡಿದುಕೊಂಡಳು. ಶಿಡ್ಲಘಟ್ಟದ ಆಸ್ಪತ್ರೆಯಿಂದ ಚಿಕ್ಕಬಳ್ಳಾಪುರಕ್ಕೆ ಕಳಿಸಿದರಂತೆ. ಅಲ್ಲಿಯ ಡಾಕ್ಟರು ಕೇಳಿದರಂತೆ, ಅಷ್ಟು ಕಹಿ ಇದ್ದದ್ದನ್ನು ಯಾಕಮ್ಮ ತಿಂದ್ರಿ ಎಂದು.

ಮನೆಯಲ್ಲಿ ಉಳಿದದ್ದು ನಾನು, ಅಜ್ಜಿ, ಮಗು ಮತ್ತು ಹುಳು. ಪಕ್ಕದ ಮನೆಯವರು ಬಂದು ಸೊಪ್ಪು ಹಾಕಿ ಹೋಗುತ್ತಿದ್ದರು. ಮಗು ತಾಯಿಗಾಗಿ ಅತ್ತು ಅತ್ತು ನೀಲಿಯಾಗುತ್ತಿತ್ತು. ಒಳಲೆಯಲ್ಲಿ ಹಸುವಿನ ಹಾಲು ಹಾಕಿ ತುಟಿಗಿಟ್ಟರೆ ನಾಲಿಗೆಯಿಂದ ತಳ್ಳುತ್ತಿತ್ತು. ಹುಳುಮನೆಯಲ್ಲಿ ಸೊಪ್ಪು ಕತ್ತರಿಸುವ ಸದ್ದು ಒಂದೇ ಸಮನೆ. ಅವು ತಿನ್ನುವುದನ್ನು ನಿಲ್ಲಿಸಲೇ ಇಲ್ಲ. ಭಾನುವಾರ ಬೆಳಿಗ್ಗೆ ಸಾದಲಿಯಿಂದ ಸೈಕಲ್ಲಿನಲ್ಲಿ ಬಂದವರೊಬ್ಬರು ಸುದ್ದಿ ಹೇಳಿ ಹೋದರು: ನಾಡಿ ಸಿಗ್ತಿಲ್ಲವಂತೆ, ಬಾಟಲು ಏರಿಸ್ತಿದ್ದಾರಂತೆ, ಇವತ್ತು ದಾಟಿದ್ರೆ ಉಂಟು ಅಂದ್ರಂತೆ.

ಅಜ್ಜಿ ದೇವರಮನೆಯ ಹೊಸ್ತಿಲಿಗೆ ತಲೆಯಿಟ್ಟು ಮಲಗಿದ್ದಳು. "ಸಾಮೀ, ನುವ್ವೇ ದಿಕ್ಕು" ಎಂದು, ನೀನೇ ದಿಕ್ಕು ಅಂತ, ಅವಳ ತೆಲುಗಿನಲ್ಲಿ ಗೊಣಗುತ್ತಿದ್ದಳು. ನಾನು ಮಗುವನ್ನು ಭುಜಕ್ಕೆ ಹಾಕಿಕೊಂಡು ಪಕ್ಕ ಹೋಗಿ ಕೂತೆ. ಹೊಟ್ಟೆಯಲ್ಲಿ ಇಟ್ಟುಕೊಳ್ಳಲು ಆಗಲಿಲ್ಲ.

"ಅಜ್ಜಿ, ನಾನು ಮೊದಲೇ ರುಚಿ ನೋಡಿದ್ದೆ. ತಿರುಳು ತೆಗೆಯೋವಾಗ. ಕಹಿ ಇತ್ತು. ಹೇಳ್ಲಿಲ್ಲ."

ಹೊಡೆಯುತ್ತಾಳೆ ಎಂದು ಕತ್ತು ಒಳಗೆಳೆದುಕೊಂಡೆ. ಅವಳು ತಲೆ ಎತ್ತಲಿಲ್ಲ. ಹೊಸ್ತಿಲಿಗೇ ಹೇಳುವವಳ ಹಾಗೆ ಅಂದಳು:

"ನಂಗೂ ಮೊದಲನೇ ತುತ್ತಿಗೇ ಗೊತ್ತಾಯ್ತು. ನಮ್ಮವ್ವನ ಕಾಯಿ ಹಂಗಿರ್ಲಿಲ್ಲ. ಅಟ್ಟದಲ್ಲಿದ್ದ ಬುರುಡೆ ನಾನು ಕೊನೇ ಸಲ ಬೀಜಕ್ಕೆ ಬಿಟ್ಟಿದ್ದು. ಆ ವರ್ಷ ಅದೇ ಚಪ್ಪರಕ್ಕೆ ಈಜುಬುರುಡೆ ಬಳ್ಳೀನೂ ಹಬ್ಬಿಸಿದ್ದೆ, ನಿಮ್ಮಪ್ಪ ಈಜು ಕಲೀಲಿ ಅಂತ. ಅದು ತಿನ್ನೋ ಕಾಯಲ್ಲ, ವಿಷದ ಕಾಯಿ. ಎರಡೂ ಬೆರೆತೋಗಿರಬೇಕು. ಕೆಟ್ಟೋಗೈತೆ ಅಂತ ಬಾಯಲ್ಲಿಟ್ಟ ತಕ್ಷಣ ತಿಳೀತು. ಆ ಹುಡುಗಿ ಮುಂದೆ ಹೆಂಗೆ ಹೇಳ್ಲಿ?"

ಆ ಹುಡುಗಿ ಎಂದರೆ ಚಿಕ್ಕಮ್ಮ. ಅಜ್ಜಿ ಎದ್ದು, ಗೋಡೆ ಹಿಡಿದು ಹಿತ್ತಲಿಗೆ ನಡೆದಳು. ಬಳ್ಳಿಯನ್ನು ಬುಡದಿಂದ ಕೀಳಿಸಿದಳು. ಆ ಎರಡು ಕಾಯಿ, ಮೊರದಲ್ಲಿ ಬೂದಿ ಹಚ್ಚಿ ಒಣಗಲು ಇಟ್ಟಿದ್ದ ಎಳೆಬೀಜ, ಎಲ್ಲವನ್ನೂ ನೀರೊಲೆಗೆ ಹಾಕೆಂದಳು. ಹಸಿ ಬೀಜ ಬೆಂಕಿಯಲ್ಲಿ ಚಟಚಟ ಸಿಡಿದವು. ಪ್ರತಿ ಸದ್ದಿಗೂ ಅವಳ ರೆಪ್ಪೆ ಮುಚ್ಚಿಕೊಳ್ಳುತ್ತಿತ್ತು. ಅವಳ ತವರಿನದು ಅಂತ ಆ ಮನೆಯಲ್ಲಿ ಇನ್ನೇನೂ ಉಳಿಯಲಿಲ್ಲ.

ಭಾನುವಾರ ದಾಟಿತು. ಒಂಬತ್ತನೇ ದಿನ ಚಿಕ್ಕಮ್ಮ ಮನೆಗೆ ಬಂದಳು. ಕುಪ್ಪಸದ ತೋಳಿನಲ್ಲಿ ಎರಡು ಕೈ ಹಿಡಿಸುವಷ್ಟು ಸೊರಗಿದ್ದಳು. ಹಾಲು ಬತ್ತಿಹೋಗಿತ್ತು, ಮತ್ತೆ ಬರಲಿಲ್ಲ. ಮಗು ಒಳಲೆಗೆ ಒಗ್ಗಿಕೊಂಡಿತ್ತು. ತಾಯಿ ಎತ್ತಿಕೊಂಡರೆ ನನ್ನ ಕಡೆ ಕೈಚಾಚಿ ಅಳುತ್ತಿತ್ತು. ಅಜ್ಜಿ ಕ್ಷಮಿಸು ಎಂದದ್ದನ್ನು ನಾನು ಕೇಳಲಿಲ್ಲ. ಆ ಕಾಲದ ಅತ್ತೆಯರ ಬಾಯಲ್ಲಿ ಆ ಮಾತೇ ಇರಲಿಲ್ಲ. ತನ್ನ ಹಾಸಿಗೆಯನ್ನು ಅವಳಿಗೆ ಬಿಟ್ಟುಕೊಟ್ಟು ತಾನು ಚಾಪೆಗೆ ಹೋದಳು. ಅಷ್ಟೇ ಅವಳಿಂದ ಆದದ್ದು.

ನನಗೆ ಮಾತ್ರ ಹೇಳದೆ ಗತಿಯಿರಲಿಲ್ಲ. ಒಂದು ಬೆಳಿಗ್ಗೆ ಹಿತ್ತಲಿನ ಒಲೆಯ ಮೇಲೆ ಮಗುವಿಗೆ ರಾಗಿಸರಿ ಕುದಿಯಲಿಟ್ಟಿದ್ದೆ. ಚಿಕ್ಕಮ್ಮ ಗೋಡೆಗೊರಗಿ ಬಿಸಿಲು ಕಾಯುತ್ತ ಕೂತಿದ್ದಳು. ಸೌಟನ್ನು ಮಡಕೆಯಲ್ಲೇ ಬಿಟ್ಟು ಅವಳ ಮುಂದೆ ಹೋಗಿ ನಿಂತೆ.

"ಚಿಕ್ಕಮ್ಮ, ಅವತ್ತು ನಂಗೆ..."

"ಗೊತ್ತು," ಅಂದಳು. "ನೀನು ಬೂದಿಗುಂಡೀಲಿ ಉಗಿದಿದ್ದು ನೋಡ್ದೆ."

"ಮತ್ತೆ ಯಾಕೆ ತಿಂದೆ?"

"ಹಿಂದಿನ ದಿನ ಒಂದು ಮಾತು ಅಂದಿದ್ದಕ್ಕೆ ನಮ್ಮಪ್ಪ ಕೊಟ್ಟ ಕೊಳಗದ ತನಕ ಹೋಯ್ತು. ನೀವೆಲ್ಲಾ ನಕ್ರಿ. ಇನ್ನೊಂದು ಸಲ ನಮ್ಮ ತವರನ್ನ ಅನ್ನಿಸ್ಕೊಳ್ಳೋದಕ್ಕಿಂತ ನುಂಗೋದೇ ಸುಲಭ ಅನ್ನಿಸ್ತು. ಸಾಯೋ ಅಷ್ಟು ಅಂತ ಯಾರಿಗೆ ಗೊತ್ತಿತ್ತು?" ಸ್ವಲ್ಪ ಹೊತ್ತು ಬಿಸಿಲಿಗೆ ಕಣ್ಣು ಕಿರಿದು ಮಾಡಿ ನನ್ನನ್ನು ನೋಡಿದಳು. ಸಿಟ್ಟಿನಿಂದಲ್ಲ. ಸಿಟ್ಟಿದ್ದಿದ್ದರೆ ಚೆನ್ನಾಗಿತ್ತು. "ನೀನು ಹೇಳಿದ್ದಿದ್ರೆ ಒಂದು ಏಟು ಬೀಳ್ತಿತ್ತು. ಅಷ್ಟೇ ಅಲ್ವೇನೇ ಪದ್ಮಾ?"

ಅಷ್ಟೇ. ನಲವತ್ತು ವರ್ಷದಿಂದ ಅದಕ್ಕೆ ಬೇರೆ ಉತ್ತರ ಹುಡುಕುತ್ತಿದ್ದೇನೆ, ಸಿಕ್ಕಿಲ್ಲ.

ಒಲೆಯ ಕಡೆಯಿಂದ ಸೀದ ವಾಸನೆ ಬಂತು.

"ಸರಿ ತಳ ಹಿಡೀತೈತೆ ನೋಡು, ಹೋಗು," ಅಂದಳು ಚಿಕ್ಕಮ್ಮ.

ಹೋಗಿ ಉರಿ ಹಿಂದಕ್ಕೆಳೆದೆ. ಸರಿ ಗಂಟುಗಂಟಾಗಿತ್ತು. ಸೌಟಿನ ಬೆನ್ನಿನಿಂದ ಮಡಕೆಯ ಅಂಚಿಗೆ ಒತ್ತಿ ಒಂದೊಂದೇ ಗಂಟನ್ನು ಒಡೆದೆ. ಮಗು ಒಳಗೆ ಎದ್ದು ಅಳತೊಡಗಿತು.

"ಬೆಲ್ಲ ಹಾಕ್ಲಾ ಚಿಕ್ಕಮ್ಮ?"

"ಬಾಯಿಗೆ ಹಾಕ್ಕೊಂಡು ನೋಡಿ ಹಾಕು," ಅಂದಳು.

ಅಂಗೈಗೆ ಒಂದು ತೊಟ್ಟು ಬಿಟ್ಟುಕೊಂಡು ನೆಕ್ಕಿದೆ. ಮತ್ತೆ ಸೌಟು ಹಿಡಿದು ತಿರುವುತ್ತ ಕೂತೆ.